ಅಗ್ಗದ ಕಾದಂಬರಿಗಳೇ ಆ ವಾರಪತ್ರಿಕೆಯನ್ನು ಸಾಕಿದವು

ಮಾನ್ಯ ಸಂಪಾದಕರೆ,

ಜುಲೈ 1ರ ಪತ್ರಿಕಾ ದಿನದ ನಿಮಿತ್ತ ನಮ್ಮ ಜಿಲ್ಲೆಯ ಹಳೆಯ ವಾರಪತ್ರಿಕೆಗಳನ್ನು ಕುರಿತು ತಾವು ಪ್ರಕಟಿಸಿದ ಲೇಖನವನ್ನು ಎರಡು ಸಲ ಓದಿದೆ. 1843ರಲ್ಲಿ ಅದೇ ದಿನ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದನ್ನು ನೆನೆದು, ಅಲ್ಲಿಂದ ನಮ್ಮ ಕರಾವಳಿಯ ಸಣ್ಣ ಊರುಗಳ ಪತ್ರಿಕೆಗಳವರೆಗೆ ಬಂದಿರುವ ಆ ಲೇಖನದ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ನಡುವೆ, ಕಾರವಾರದ ಸಂಪಾದಕರೊಬ್ಬರು ಹೊಟ್ಟೆಪಾಡಿಗಾಗಿ ಅಗ್ಗದ ಪತ್ತೇದಾರಿ ಕಾದಂಬರಿಗಳನ್ನು ಬರೆಯುವ ಮಟ್ಟಕ್ಕೆ ಇಳಿಯಬೇಕಾಯಿತು ಎಂಬ ಅರ್ಥದ ಒಂದು ವಾಕ್ಯವಿದೆ. ಆ ವಾಕ್ಯವನ್ನು ಬರೆದವರು ಅನುಕಂಪದಿಂದಲೇ ಬರೆದಿದ್ದಾರೆ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಅದು ಸರಿಯಲ್ಲ, ಮತ್ತು ಸರಿಯಲ್ಲ ಎಂದು ಹೇಳಬಲ್ಲವರು ಈಗ ಹೆಚ್ಚು ಮಂದಿ ಉಳಿದಿಲ್ಲವಾದ್ದರಿಂದ ಈ ಪತ್ರ.

ಆ ಸಂಪಾದಕರ ಮುದ್ರಣಾಲಯದಲ್ಲಿ ನಾನು ಅರವತ್ತರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರಗಳನ್ನು, ಜೋಡಿಸಿದವನು. ಏಳನೆಯ ಇಯತ್ತೆ ಮುಗಿಸಿ, ಮೊದಲು ನೆಲ ಗುಡಿಸುವ ಮತ್ತು ಶಾಯಿ ಒರೆಸುವ ಹುಡುಗನಾಗಿ ಸೇರಿ, ಒಂದೂವರೆ ವರ್ಷದ ಮೇಲೆ ಕೇಸಿನ (ಮೊಳೆಗಳ ಖಾನೆಪೆಟ್ಟಿಗೆಯ) ಮುಂದೆ ನಿಲ್ಲುವ ಅರ್ಹತೆ ಪಡೆದೆ. ನಾವು ಅವರನ್ನು ಮಾಲಕರು ಎಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವರ ಮಗಳ ಇಚ್ಛೆಯಂತೆ ಹೆಸರು ಬರೆಯುತ್ತಿಲ್ಲ. ಕಾರವಾರದ ಹಳಬರಿಗೆ ಅದರ ಅಗತ್ಯವೂ ಇಲ್ಲ.

ವಾರಪತ್ರಿಕೆ ಶುಕ್ರವಾರ ಹೊರಡುತ್ತಿತ್ತು. ನಾಲ್ಕು ಪುಟ, ಐದಾರು ನೂರು ಪ್ರತಿ. ಚಂದಾದಾರರಲ್ಲಿ ಅರ್ಧದಷ್ಟು ಜನ ವರ್ಷದ ಹಣವನ್ನು ಎರಡನೆಯ ವರ್ಷ ಕಳೆದ ಮೇಲೆ ಕೊಡುತ್ತಿದ್ದರು. ಹಣ ಕೊಟ್ಟು ಬಿಡಿಸಿಕೊಳ್ಳುವ ಅಂಚೆಯಾದ ವಿ.ಪಿ. ಮಾಡಿ ಕಳಿಸಿದರೆ ‘ಪಡೆಯಲು ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ತಿರುಗಿ ಬರುತ್ತಿತ್ತು, ಅಂಚೆಯ ಖರ್ಚು ಮೈಮೇಲೆ. ಉಳಿದ ಆದಾಯವೆಂದರೆ ನ್ಯಾಯಾಲಯದ ನೋಟೀಸುಗಳು, ಟೆಂಡರು ಪ್ರಕಟಣೆಗಳು, ಮದುವೆಯ ಕರೆಯೋಲೆ, ಸೊಸಾಯಿಟಿಗಳ ರಸೀದಿ ಪುಸ್ತಕ, ಯಕ್ಷಗಾನ ಮೇಳದ ಹಸ್ತಪತ್ರಿಕೆ. ಮಳೆಗಾಲದ ನಾಲ್ಕು ತಿಂಗಳು ಮದುವೆಯೂ ಇಲ್ಲ, ಮೇಳವೂ ಇಲ್ಲ. ಆ ನಾಲ್ಕು ತಿಂಗಳು ನಮ್ಮ ಪಗಾರ ಮತ್ತು ಪತ್ರಿಕೆಯ ಕಾಗದದ ಹಣ ಎಲ್ಲಿಂದ ಬರುತ್ತಿತ್ತೆಂಬುದನ್ನು ಲೆಕ್ಕದ ಪುಸ್ತಕ ಬರೆಯುತ್ತಿದ್ದ ನಾನು ಬಲ್ಲೆ. ಅದು ಕಾದಂಬರಿಗಳಿಂದ ಬರುತ್ತಿತ್ತು. ಹಾಗಾಗಿ ಪತ್ರಿಕೆ ನಡೆಸಿ ಸೋತವರು ಕಾದಂಬರಿಗೆ ಇಳಿದರು ಎನ್ನುವುದಕ್ಕಿಂತ, ಕಾದಂಬರಿ ಗೆದ್ದುದರಿಂದ ಆ ಪತ್ರಿಕೆ ಅಷ್ಟು ವರ್ಷ ಬದುಕಿತು ಎನ್ನುವುದು ವಾಸ್ತವಕ್ಕೆ ಹತ್ತಿರ. ಪ್ರತಿ ವರ್ಷ ಫೆಬ್ರುವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಪತ್ರಿಕೆಗಳು ನಮೂನೆ 4ರಂತೆ ತಮ್ಮ ಒಡೆತನದ ವಿವರವನ್ನು ಅಚ್ಚುಮಾಡಬೇಕಿತ್ತಷ್ಟೆ. ಮುದ್ರಕ, ಪ್ರಕಾಶಕ, ಸಂಪಾದಕ, ಮಾಲಕ ಎಂಬ ನಾಲ್ಕೂ ಕಡೆ ಒಂದೇ ಹೆಸರನ್ನು ಜೋಡಿಸುವಾಗ ಅವರು, ಐದನೆಯ ಉದ್ಯೋಗವನ್ನು ಮಾತ್ರ ಸರಕಾರ ಕೇಳಿಲ್ಲ ನೋಡು, ಎಂದು ನಗುತ್ತಿದ್ದರು.

ಆ ಕಾದಂಬರಿಗಳು ಹುಟ್ಟುತ್ತಿದ್ದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅವುಗಳ ಗುಣವೂ ದೋಷವೂ ಅಲ್ಲಿಯೇ ಇವೆ. ಕ್ರೌನ್ ಅಷ್ಟಪತ್ರ ಆಕಾರ, 16 ಪುಟಗಳಿಗೆ ಒಂದು ಫಾರಂ, ಎಂಟು ಫಾರಂ ಸೇರಿದರೆ 128 ಪುಟಗಳ ಕಾದಂಬರಿ. ಅದಕ್ಕಿಂತ ಒಂದು ಪುಟ ಹೆಚ್ಚಾಗುವಂತಿಲ್ಲ, ಕಡಿಮೆಯಾಗುವಂತೆಯೂ ಇಲ್ಲ. ನಮ್ಮಲ್ಲಿದ್ದ ಮೊಳೆ ಒಮ್ಮೆಗೆ ಎಂಟು ಪುಟಗಳಿಗೆ ಸಾಲುತ್ತಿತ್ತು. ಅಷ್ಟನ್ನು ಜೋಡಿಸಿ, ಕರಡು ತೆಗೆದು, ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರದಲ್ಲಿ ಅಚ್ಚುಹಾಕಿ, ಸೀಮೆಎಣ್ಣೆಯಲ್ಲಿ ಶಾಯಿ ತೊಳೆದು, ಮೊಳೆಗಳನ್ನು ಬಿಚ್ಚಿ ಮತ್ತೆ ಖಾನೆಗಳಿಗೆ ಹಾಕಿದ ಮೇಲೆಯೇ ಮುಂದಿನ ಎಂಟು ಪುಟ. ಕನ್ನಡದ ಕೇಸೆಂದರೆ ಇಂಗ್ಲಿಷಿನ ಕೇಸಿನಂತಲ್ಲ. ಅಕ್ಷರಕ್ಕೊಂದು ಖಾನೆಯಾದರೆ ಅದರ ಗುಣಿತಕ್ಕೆ ಮತ್ತಷ್ಟು, ಒತ್ತಕ್ಷರಗಳಿಗೆ ಬೇರೆ. ಅದರಲ್ಲಿಯೂ ಒತ್ತಿನ ಮೊಳೆಗಳು ಸಣ್ಣವಾದ್ದರಿಂದ ಬೇಗ ಮುರಿಯುತ್ತಿದ್ದವು, ಕಳೆದುಹೋಗುತ್ತಿದ್ದವು. ಹೊಸ ಮೊಳೆ ತರಿಸಲು ಹಣವಿಲ್ಲ. ಆದ್ದರಿಂದ ಮಾಲಕರು ಬರೆಯುವಾಗಲೇ ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದರು. ನಾಯಕಿಗೆ ರುಕ್ಮಿಣಿ ಎಂದು ಹೆಸರಿಟ್ಟರೆ ಪುಟಪುಟದಲ್ಲೂ ಒತ್ತು ಬೇಕು, ಕಮಲಾ ಎಂದಿಟ್ಟರೆ ಬೇಡ. ಇನ್‌ಸ್ಪೆಕ್ಟರ್ ಎಂಬ ಒಂದು ಮಾತಿಗೆ ಎರಡು ಒತ್ತು, ಎರಡು ಅರೆಯಕ್ಷರ. ಅದಕ್ಕಾಗಿ ಅವರ ಕಾದಂಬರಿಗಳಲ್ಲೆಲ್ಲ ಪೊಲೀಸ್ ಅಧಿಕಾರಿ ಎಂದರೆ ನಮ್ಮ ಮುಂಬಯಿ ಪ್ರಾಂತದ ರೂಢಿಯ ಫೌಜದಾರನೇ. ಮುಂದೆ ಒಬ್ಬ ಅಧ್ಯಾಪಕರು ಈ ಪುಸ್ತಕಗಳಲ್ಲಿ ನೆಲದ ಭಾಷೆಯಿದೆ, ಫೌಜದಾರ ಎಂಬಂಥ ಮಾತುಗಳನ್ನು ಹಟದಿಂದ ಉಳಿಸಿಕೊಂಡಿದ್ದಾರೆ ಎಂದು ಮೆಚ್ಚಿಕೊಂಡರು. ಮಾಲಕರು ಗಂಭೀರವಾಗಿ ತಲೆದೂಗಿದರು. ಕೇಸಿನ ಹಿಂದೆ ನಿಂತಿದ್ದ ನಾವು ಮೂವರು ನಗು ತಡೆಯಲಾರದೆ ಹಿತ್ತಲಿಗೆ ಹೋದೆವು.

ಅಚ್ಚಾದ ಪುಟ ಅಚ್ಚಾಯಿತು, ಅದರ ಮೊಳೆ ಬಿಚ್ಚಿಯೂ ಆಯಿತು. ತಪ್ಪು ಕಂಡರೆ ತಿದ್ದಲು ಸಾಧ್ಯವಿರಲಿಲ್ಲ. ಒಂದು ಕಾದಂಬರಿಯ ಮೂರನೆಯ ಫಾರಮಿನಲ್ಲಿ ದೋಣಿಯಿಂದ ಬಿದ್ದು ಸತ್ತ ಸೋದರಮಾವ ಆರನೆಯ ಫಾರಮಿನಲ್ಲಿ ಬಂದು ಚಹ ಕುಡಿದುಬಿಟ್ಟ. ಕರಡು ನೋಡುವಾಗ ನಾನು ಇದನ್ನು ತೋರಿಸಿದೆ. ಅವರು ಹಣೆ ಒತ್ತಿಕೊಂಡು ಐದು ನಿಮಿಷ ಕುಳಿತರು, ಎದ್ದು ಬಂದು ಮೊಳೆ ಜೋಡಿಸುವ ಸ್ಟಿಕ್ಕನ್ನು ಕೈಗೆತ್ತಿಕೊಂಡು, ಹಸ್ತಪ್ರತಿಯಿಲ್ಲದೆ ನೇರವಾಗಿ ಮೊಳೆಯಲ್ಲಿಯೇ, ಆ ಮಾವನಿಗೆ ಒಬ್ಬ ಅವಳಿ ತಮ್ಮನಿದ್ದ ವೃತ್ತಾಂತವನ್ನು ಎಂಟು ಸಾಲುಗಳಲ್ಲಿ ಜೋಡಿಸಿದರು. ಆ ಅವಳಿ ತಮ್ಮನೇ ಕೊನೆಗೆ ಕಥೆಯ ಖಳನಾದ. ಓದುಗರು ಅದನ್ನು ಅವರ ಅತ್ಯುತ್ತಮ ತಿರುವೆಂದು ಕಾಗದ ಬರೆದರು.

ಮುಖಪುಟಕ್ಕೆ ಹುಬ್ಬಳ್ಳಿಯಲ್ಲಿ ಮಾಡಿಸಿದ ಒಂದೇ ಒಂದು ಬ್ಲಾಕು, ಅಂದರೆ ಚಿತ್ರದ ಅಚ್ಚು, ಇತ್ತು. ಟಾರ್ಚು ಹಿಡಿದ ಹೆಂಗಸು, ಹಿಂದೆ ಒಂದು ಕಾರು. ಬಣ್ಣವನ್ನು ಬದಲಿಸಿ ಅದನ್ನೇ ಐದು ಕಾದಂಬರಿಗಳಿಗೆ ಬಳಸಿದೆವು. ಬ್ಲಾಕಿನಲ್ಲಿ ಕಾರು ಇದ್ದುದರಿಂದ ಕಥೆಯಲ್ಲಿಯೂ ಕಾರು ಬರಲೇಬೇಕಾಗುತ್ತಿತ್ತು, ಆ ಕಥೆ ಕೂರ್ಮಗಡ ದ್ವೀಪದಲ್ಲಿ ನಡೆದರೂ ಸಹ.

ಇನ್ನು ಆ ಕಾದಂಬರಿಗಳೊಳಗೆ ಏನಿತ್ತು ಎಂಬ ವಿಷಯ. ತಮ್ಮ ಲೇಖಕರು ಇವುಗಳನ್ನು ಓದಿರಲಾರರೆಂದು ನನ್ನ ಊಹೆ. ಮಾಲಕರು ಬೆಳಗಿನ ಹೊತ್ತು ಜಿಲ್ಲಾ ನ್ಯಾಯಾಲಯದ ಜಗಲಿಯಲ್ಲಿ ಕೂರುತ್ತಿದ್ದರು. ಅಲ್ಲಿ ಕೇಳಿದ್ದರಲ್ಲಿ ಹತ್ತನೆಯ ಒಂದಂಶ ಪತ್ರಿಕೆಯಲ್ಲಿ ಬರುತ್ತಿತ್ತು, ಉಳಿದುದು ಕಾದಂಬರಿಗೆ ಹೋಗುತ್ತಿತ್ತು. ನಮ್ಮ ಊರು ಎಂಥ ಗಡಿಯ ಮೇಲೆ ಕುಳಿತಿತ್ತೆಂಬುದನ್ನು ಈಗಿನವರು ಮರೆತಿದ್ದಾರೆ. 1961ರ ಡಿಸೆಂಬರದವರೆಗೆ ಗಡಿಯ ಊರಾದ ಮಾಜಾಳಿಯ ಆಚೆಗೆ ಗೋವೆಯಲ್ಲಿ ಪೋರ್ತುಗೀಸರ ಆಡಳಿತವಿತ್ತು. ಅಷ್ಟೇಕೆ, ಬಿಣಗಾದ ಎದುರಿಗೆ ಕಣ್ಣಿಗೆ ಕಾಣುವ ಅಂಜುದೀವ ದ್ವೀಪವೂ ಅವರದೇ ಆಗಿದ್ದು, ಅದನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾದಳದ ಏಳು ಮಂದಿ ಪ್ರಾಣ ಕೊಟ್ಟರು. ಅತ್ತ ಗೋವೆಯಲ್ಲಿ ಮದ್ಯ ಧಾರಾಳ, ಇತ್ತ ಮುಂಬಯಿ ಪ್ರಾಂತದ 1949ರ ಪಾನನಿರೋಧ ಕಾಯ್ದೆ. ಇದರ ನಡುವೆ ದೋಣಿಯಲ್ಲಿ ಏನೇನು ಬರುತ್ತಿತ್ತು, ಯಾರು ಇಳಿಸಿಕೊಳ್ಳುತ್ತಿದ್ದರು, ಯಾರು ಕಣ್ಣುಮುಚ್ಚಿಕೊಳ್ಳುತ್ತಿದ್ದರು ಎಂಬುದು ಊರಿನ ಮಕ್ಕಳಿಗೂ ತಿಳಿದಿತ್ತು, ಆದರೆ ಯಾವ ಪತ್ರಿಕೆಯಲ್ಲಿಯೂ ಹೆಸರು ಹಿಡಿದು ಬರೆಯುವಂತಿರಲಿಲ್ಲ. ಬರೆದರೆ ಮಾನನಷ್ಟದ ದಾವೆ, ಇಲ್ಲವೆ ಟೆಂಡರು ಪ್ರಕಟಣೆ ನಿಲ್ಲುವುದು. ಕಾದಂಬರಿಯಲ್ಲಿ ಮಾತ್ರ ಬಂಗಡೆಯ ಬುಟ್ಟಿಯ ತಳದಲ್ಲಿ ಚಿನ್ನದ ಬಿಸ್ಕೀಟು ಸಿಕ್ಕುತ್ತಿತ್ತು, ದೇವಗಡ ದ್ವೀಪದ ದೀಪಸ್ತಂಭದ ಬೆಳಕು ಹಾಯುವ ಎರಡು ಗಳಿಗೆಗಳ ನಡುವಿನ ಕತ್ತಲಲ್ಲಿ ದೋಣಿ ದಡ ಮುಟ್ಟುತ್ತಿತ್ತು, ಸಾಗವಾನಿ ಲಾರಿಯನ್ನು ಬಿಟ್ಟುಕೊಟ್ಟ ಅಧಿಕಾರಿಗೆ ಹೊಸ ಮನೆ ಎದ್ದು ನಿಲ್ಲುತ್ತಿತ್ತು. ಮೀನು ಮಾರುವ ಹೆಂಗಸರು ಕಟ್ಟೆಯ ಮೇಲೆ ಕುಳಿತು ಯಾರಿಂದಲೋ ಓದಿಸಿಕೊಂಡು, ಈ ಸಾವಕಾರ ಯಾರೆಂದು ಗೊತ್ತಾಯಿತು ಬಿಡಿ, ಎನ್ನುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಸೂಪಾ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ಪತ್ರಿಕೆಯಲ್ಲಿ ಬಂದದ್ದು ಕಾಮಗಾರಿಯ ಪ್ರಗತಿ ಮತ್ತು ಮಂತ್ರಿಗಳ ಭೇಟಿ. ಅದೇ ಅವಧಿಯ ಒಂದು ಕಾದಂಬರಿಯಲ್ಲಿ, ನೀರಿನಲ್ಲಿ ಮುಳುಗಲಿರುವ ಊರಿನ ಮನೆಯೊಂದರ ನೆಲದಡಿಯ ಪೆಟ್ಟಿಗೆಯನ್ನು ಹುಡುಕುವ ಕಥೆಯ ನೆಪದಲ್ಲಿ, ಆ ಊರಿನ ಬೀದಿ, ಬಾವಿ, ದೇವಸ್ಥಾನ, ಸಂತೆಯ ಜಾಗ, ಯಾರ ಮನೆಯ ಪಕ್ಕ ಯಾರ ಮನೆ ಎಂಬುದೆಲ್ಲ ಅಳೆದಂತೆ ದಾಖಲಾಗಿದೆ. ಮಾಲಕರು ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಮೂರು ದಿನ ಉಳಿದು ನಕಾಶೆ ಬರೆದುಕೊಂಡು ಬಂದಿದ್ದರು. ಹಳೆಯ ಸೂಪಾ ಈಗ ಕಾಳಿಯ ನೀರಿನ ಅಡಿಯಲ್ಲಿದೆ. ಪತ್ತೇದಾರಿ ಭಾಗವನ್ನು ಪೂರ್ತಿ ಕಿತ್ತುಹಾಕಿದರೂ ಆ ಪುಸ್ತಕಕ್ಕೆ ಬೆಲೆಯಿದೆ ಎಂಬುದು ನನ್ನ ಅಭಿಪ್ರಾಯ. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ವಾರಪತ್ರಿಕೆಯ ಪುಟಗಳನ್ನು ಅಧಿಕಾರಿಗಳಿಗೆ ಮೊದಲೇ ತೋರಿಸಿ ಬರಬೇಕಾಗಿದ್ದಾಗ, ಕಾದಂಬರಿಯ ಕರಡನ್ನು ಯಾರೂ ಕೇಳಲಿಲ್ಲ. ಹೆಸರಿಲ್ಲದ ಒಂದು ದ್ವೀಪದಲ್ಲಿ ಜನ ಪಿಸುಮಾತಿನಲ್ಲಿ ಮಾತ್ರ ಮಾತನಾಡಬೇಕೆಂಬ ಕಟ್ಟಳೆಯಿದ್ದ ಕಥೆ ಆ ವರ್ಷದ್ದು. ಅಗ್ಗದ ಪುಸ್ತಕವೆಂಬ ತಿರಸ್ಕಾರ ಅವರಿಗೆ ಅಷ್ಟರಮಟ್ಟಿಗೆ ಒದಗಿಬಂತು.

ಮಾರಾಟದ ಬಗೆಯೂ ಹೇಳತಕ್ಕದ್ದೇ. ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳು ಆಗ ಅಂಕೋಲೆ, ಕುಮಟೆ, ಹೊನ್ನಾವರಗಳಲ್ಲೆಲ್ಲ ಇದ್ದವು, ಅವು ತಲಾ ಐದಾರು ಪ್ರತಿ ಕೊಳ್ಳುತ್ತಿದ್ದವು. ಮುಂಬಯಿಗೆ ದುಡಿಯಲು ಹೋದ ನಮ್ಮ ಕಡೆಯವರು ಮನಿಯಾರ್ಡರು ಕಳಿಸಿ ತರಿಸಿಕೊಳ್ಳುತ್ತಿದ್ದರು. ಆದರೆ ದೊಡ್ಡ ಮಾರಾಟವೆಂದರೆ ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ. ಬಸ್ಸಿನ ಮೇಲೆ ಕಟ್ಟುಗಳನ್ನೇರಿಸಿ, ದೇವಿಮನೆ ಘಟ್ಟ ಹತ್ತಿ, ಬಿಡಕಿಬೈಲಿನ ಗದ್ದುಗೆಗೆ ಹೋಗುವ ದಾರಿಯಲ್ಲಿ ಬಳೆಯಂಗಡಿಗಳ ಸಾಲಿನ ಕೊನೆಗೆ ಒಂದು ಗೋಣಿತಾಟು ಹಾಸಿ ಕೂರುತ್ತಿದ್ದೆವು. ಅಡಿಕೆಯ ಹಣ ಕೈಯಲ್ಲಿರುವ ಕಾಲ, ಘಟ್ಟದ ಮೇಲಿನವರು ಓದುವ ಚಟವುಳ್ಳವರು. ಗಂಡಸರು ಎದುರಿಗೆ ಎತ್ತಿ ನೋಡಿ ಛೇ ಎಂದು ಇಟ್ಟು ಹೋಗಿ, ಕತ್ತಲಾದ ಮೇಲೆ ಬಂದು ನಾಲ್ಕು ಪುಸ್ತಕ ಒಯ್ಯುತ್ತಿದ್ದರು. ಹೆಂಗಸರು ಹಾಗಲ್ಲ, ಹಗಲಿನಲ್ಲಿಯೇ ಕೊಂಡು ಕುಂಕುಮ ಬಳೆಗಳ ಜೊತೆಗೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಹಿಂದಿನ ಜಾತ್ರೆಯಲ್ಲಿ ಕೊಂಡ ಕಾದಂಬರಿಯಲ್ಲಿ ಉತ್ತರವಿಲ್ಲದೆ ಉಳಿದ ಪ್ರಶ್ನೆಯನ್ನು ಎರಡು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಬಂದು, ಆ ಬೀಗದ ಕೈ ಏನಾಯಿತು, ಎಂದು ಮಾಲಕರನ್ನೇ ಕೇಳಿದ ಒಬ್ಬ ಅಜ್ಜಿಯ ಮುಖ ನನಗೆ ಇಂದಿಗೂ ನೆನಪಿದೆ. ಮಾಲಕರಿಗೆ ಬೀಗದ ಕೈಯ ನೆನಪಿರಲಿಲ್ಲ.

ಪತ್ರಿಕೆ ನಡೆಸುವವರು ಕಥೆ ಕಟ್ಟಿ ಮಾರುವುದು ಕನ್ನಡಕ್ಕೆ ಹೊಸತೇನೂ ಅಲ್ಲ. ಕಾದಂಬರಿ ಪಿತಾಮಹರೆಂದು ನಾವು ಗೌರವಿಸುವ ಗಳಗನಾಥರು ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದವರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ನಮ್ಮ ಜಿಲ್ಲೆಯವರೇ ಆದ ದಿನಕರ ದೇಸಾಯಿಯವರು ‘ಜನಸೇವಕ’ ವಾರಪತ್ರಿಕೆಯನ್ನೂ ನಡೆಸಿದರು, ಚುಟುಕಗಳನ್ನೂ ಬರೆದರು, ಚುಟುಕ ಬರೆಯುವ ಮಟ್ಟಕ್ಕೆ ಇಳಿದರೆಂದು ಯಾರೂ ಅನ್ನಲಿಲ್ಲ. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಎಷ್ಟೋ ಜನರಿಗೆ ಓದುವ ರುಚಿ ಹಿಡಿಸಿದರೆಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ನಮ್ಮ ಮಾಲಕರು ಇವರ ಸಾಲಿನಲ್ಲಿ ಕೂರತಕ್ಕವರೆಂದು ನಾನು ವಾದಿಸುತ್ತಿಲ್ಲ. ಒಬ್ಬರಿಗೆ ಗೌರವವಾದ ಕೆಲಸ ಇನ್ನೊಬ್ಬರಿಗೆ ಅವನತಿ ಆಗುವುದು ಹೇಗೆಂದು ಮಾತ್ರ ಕೇಳುತ್ತಿದ್ದೇನೆ.

ದೋಷಗಳನ್ನು ಮುಚ್ಚಿಡುವುದು ಈ ಪತ್ರದ ಉದ್ದೇಶವಲ್ಲ. ಅವರ ಖಳನಾಯಕರು ಹತ್ತರಲ್ಲಿ ಏಳು ಸಲ ಗೋವೆಯ ಕ್ರಿಶ್ಚನ್ನರೋ ಹೊರಗಿನಿಂದ ಬಂದ ವ್ಯಾಪಾರಿಗಳೋ ಆಗಿರುತ್ತಿದ್ದರು. ನಮ್ಮ ಯಂತ್ರ ತುಳಿಯುತ್ತಿದ್ದ ಕೆಲಸಗಾರನೂ ಕ್ರಿಶ್ಚನ್ನನೇ, ಸುಂಕೇರಿಯವನು. ತನ್ನವರನ್ನೇ ಕಳ್ಳರನ್ನಾಗಿ ಮಾಡಿದ ಪುಟಗಳನ್ನು ಅವನು ತನ್ನ ಕಾಲಿನಿಂದಲೇ ಅಚ್ಚುಹಾಕಬೇಕಾಗಿತ್ತು. ಒಮ್ಮೆ ಅವನು ಮಾಲಕರಿಗೆ ನೇರವಾಗಿ ಹೇಳಿದ ಮೇಲೆ ಎರಡು ಕಾದಂಬರಿಗಳ ಮಟ್ಟಿಗೆ ಖಳರು ಬೇರೆಯವರಾದರು, ಆಮೇಲೆ ಹಳೆಯ ರೂಢಿಯೇ ಬಂತು. ಅವರ ಹೆಣ್ಣು ಪಾತ್ರಗಳು ಟಾರ್ಚು ಹಿಡಿದು ಧೈರ್ಯವಾಗಿ ಹೊರಟು ಏಳನೆಯ ಫಾರಮಿನ ಹೊತ್ತಿಗೆ ತಪ್ಪದೆ ಮೂರ್ಛೆ ಹೋಗುತ್ತಿದ್ದರು. ಭಾಷೆ ಅನೇಕ ಕಡೆ ಒರಟು. ಇವೆಲ್ಲ ನಿಜ.

ದೂರದರ್ಶನ ಬಂದ ಮೇಲೆ ಬಾಡಿಗೆ ಪುಸ್ತಕದಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಕಾದಂಬರಿ ನಿಂತಿತು, ಅದರ ಹಿಂದೆಯೇ ಕೆಲವೇ ವರ್ಷಗಳಲ್ಲಿ ವಾರಪತ್ರಿಕೆಯೂ ನಿಂತಿತು. ಈ ಅನುಕ್ರಮವನ್ನು ತಮ್ಮ ಲೇಖಕರು ಗಮನಿಸಬೇಕೆಂದು ಕೋರುತ್ತೇನೆ. ಮೊಳೆಯಿಲ್ಲದೆ ಅಚ್ಚುಹಾಕುವ ಆಫ್‌ಸೆಟ್ ಬಂದಮೇಲೆ ಮೊಳೆಗಳಿಗೆ ಗಿರಾಕಿಯಿಲ್ಲ. ಅವುಗಳನ್ನು ಸೀಸದ ಬೆಲೆಗೆ ತೂಗಿ ಕೊಟ್ಟೆವು. ಕೊಂಡವರು ಬಲೆಯ ಅಂಚಿಗೆ ಕಟ್ಟುವ ಗುಂಡುಗಳನ್ನು ಎರೆದುಕೊಂಡರು. ಆ ಹೊತ್ತಿಗೆ ನಾನು ಸೊಸಾಯಿಟಿಯ ನೌಕರಿಯಲ್ಲಿದ್ದರೂ ತೂಕದ ದಿನ ರಜೆ ಹಾಕಿ ಹೋಗಿದ್ದೆ.

ಈಗ ಉಳಿದಿರುವ ಪ್ರಶ್ನೆ ಆ ಪುಸ್ತಕಗಳು ಎಲ್ಲಿವೆ ಎಂಬುದು. 1867ರ ಮುದ್ರಣ ಕಾಯ್ದೆಯಂತೆ ಪುಸ್ತಕದ ಮೇಲೆ ಮುದ್ರಕನ ಹೆಸರು ಮತ್ತು ಸ್ಥಳ ಇರಲೇಬೇಕಿತ್ತಾದ್ದರಿಂದ, ಮಾಲಕರು ಮೂರು ಬೇರೆ ಬೇರೆ ಕಾವ್ಯನಾಮಗಳಲ್ಲಿ ಬರೆದರೂ ಅವರ ಪುಸ್ತಕಗಳನ್ನು ಗುರುತಿಸುವುದು ಕಷ್ಟವಲ್ಲ, ಕೊನೆಯ ಪುಟದ ಕೆಳಗಿನ ಸಾಲನ್ನು ನೋಡಿದರೆ ಸಾಕು. ಆದರೆ ನೋಡಲು ಪುಸ್ತಕ ಬೇಕಲ್ಲ! ಪ್ರಕಾಶಕರು ಪ್ರತಿಯೊಂದು ಪುಸ್ತಕವನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಸ್ವಂತ ಖರ್ಚಿನಲ್ಲಿ ಕಳುಹಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ನಾಲ್ಕು ಪ್ರತಿ ಮತ್ತು ನಾಲ್ಕು ಅಂಚೆಯ ಖರ್ಚು ನಮ್ಮಂಥವರಿಗೆ ಸಣ್ಣದಾಗಿರಲಿಲ್ಲ. ನಾನಿದ್ದ ಹತ್ತು ವರ್ಷಗಳಲ್ಲಿ ಅಂಥ ಒಂದು ಕಟ್ಟನ್ನೂ ನಾನು ಕಟ್ಟಲಿಲ್ಲ ಎಂದು ತಪ್ಪೊಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರವಿದ್ದ ಪ್ರತಿಗಳನ್ನು ಒಂದು ಸಂಸ್ಥೆಗೆ ಒಯ್ದು ತೋರಿಸಿದಾಗ, ಇವು ಸಾಹಿತ್ಯವಲ್ಲವಾದ್ದರಿಂದ ಇಟ್ಟುಕೊಳ್ಳಲು ಸ್ಥಳವಿಲ್ಲ ಎಂಬ ಉತ್ತರ ಬಂತು. ಜಿಲ್ಲೆಯಲ್ಲಿ ಅಚ್ಚಾದ ಪತ್ರಿಕೆ, ಪುಸ್ತಕ, ಹಸ್ತಪತ್ರಿಕೆಗಳಿಗೆಂದೇ ಒಂದು ಕಪಾಟನ್ನು ನಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ತೆರೆಯುವುದಾದರೆ, ಸಾಹಿತ್ಯವೋ ಅಲ್ಲವೋ ಎಂಬ ಪರೀಕ್ಷೆಯನ್ನು ಬಾಗಿಲಿನಲ್ಲಿಯೇ ಇಡದಿರುವುದಾದರೆ, ನನ್ನ ಹನ್ನೊಂದು ಪ್ರತಿಗಳನ್ನು ನಾಳೆಯೇ ಕೊಡಲು ಸಿದ್ಧನಿದ್ದೇನೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಆ ಕಾಗದ ಇನ್ನು ಎಷ್ಟು ವರ್ಷ ತಾಳೀತೆಂಬುದನ್ನು ತಾವೇ ಬಲ್ಲಿರಿ.

ಅವುಗಳಲ್ಲಿ ಹತ್ತು ಪೂರ್ಣವಾಗಿವೆ. ಮೇಲೆ ಹೇಳಿದ, ಮುಳುಗುವ ಊರಿನ ಕಾದಂಬರಿಯಲ್ಲಿ ಮಾತ್ರ ಎಂಟನೆಯ ಫಾರಂ ಇಲ್ಲ, 112ನೆಯ ಪುಟಕ್ಕೆ ನಿಂತಿದೆ. ಆ ಫಾರಮಿಗೆ ಹಸ್ತಪ್ರತಿ ಇರಲಿಲ್ಲ, ಮಾಲಕರು ಎರಡು ರಾತ್ರಿ ಕೇಸಿನ ಮುಂದೆ ನಿಂತು ತಾವೇ ಜೋಡಿಸಿದರು. ಆ ವಾರ ನಾನು ಜ್ವರದಿಂದ ಮಲಗಿದ್ದೆನಾದ್ದರಿಂದ ಕರಡನ್ನೂ ನೋಡಲಿಲ್ಲ, ಪೆಟ್ಟಿಗೆಯಲ್ಲಿ ಏನಿತ್ತೆಂದು ಅವರನ್ನು ಕೇಳಲೂ ಇಲ್ಲ. ಮುಖಪುಟದ ಮೇಲೆ ಹಸಿರು ಬಣ್ಣದಲ್ಲಿ ಟಾರ್ಚಿನ ಹೆಂಗಸು ಮತ್ತು ಕಾರು ಇರುವ ಪ್ರತಿ ತಮ್ಮ ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, 113ರಿಂದ 128ರವರೆಗಿನ ಪುಟಗಳನ್ನು ನಕಲು ಮಾಡಿಸಿಕೊಂಡು ಪುಸ್ತಕವನ್ನು ಜೋಪಾನವಾಗಿ ಹಿಂತಿರುಗಿಸುತ್ತೇನೆ. ತಮ್ಮ ಕಚೇರಿಗೆ ತಿಳಿಸಿದರೆ ಅಲ್ಲಿಂದ ನನಗೆ ತಲಪುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮೊಳೆ ಜೋಡಣೆಗಾರ
ಕಾರವಾರ